ಕಾಕಾನ ರಾಜನ ಮೇಲೆ ನನ್ನ ಎಕ್ಕಾ

ಆ ಆಟದ ಐವತ್ತೆರಡು ಎಲೆಗಳೂ ನನಗೆ ಬಾಯಿಪಾಠ. ಯಾರ ಕೈಯಲ್ಲಿ ಯಾವುದಿತ್ತು, ಯಾವುದು ಮೊದಲು ಬಿತ್ತು, ಯಾವುದು ಕೊನೆಗೆ ಬಿತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಮಕ್ಕಳ ಹುಟ್ಟಿದ ದಿನ ಮರೆತು ಹೆಂಡತಿಯಿಂದ ಬೈಸಿಕೊಂಡಿದ್ದೇನೆ, ಇದನ್ನು ಮಾತ್ರ ಮರೆಯಲು ಆಗಿಲ್ಲ. ಅಣ್ಣಿಗೇರಿಯ ಒಂದು ದಲ್ಲಾಳಿ ಅಡತಿ ಅಂಗಡಿಯ ಹಿಂದಿನ ಖೋಲಿಯಲ್ಲಿ, ಮೆಣಸಿನಕಾಯಿ ಚೀಲಗಳ ನಡುವೆ, ಮಧ್ಯಾಹ್ನ ಮೂರೂವರೆಗೆ ಆ ಎಲೆ ಹಂಚಿದೆವು. ಆಗ ಕಾಕಾ ನನ್ನ ಎದುರಿನ ಕುರ್ಚಿಯಲ್ಲಿದ್ದರು. ಐದೂವರೆಗೆ ಗದಗಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಡುವಿನ ಎರಡು ತಾಸಿನಲ್ಲಿ ಅವರನ್ನು ಕೈಹಿಡಿದು ಎಬ್ಬಿಸಬಹುದಾಗಿದ್ದವನು ನಾನು. ನಾನು ಎಲೆ ಆಡುತ್ತ ಕುಳಿತಿದ್ದೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ತಾಯಿ ಮೊದಲೇ ಹೋಗಿದ್ದಳು, ನಾನು ಮೂರನೇ ಇಯತ್ತೆಯಲ್ಲಿದ್ದಾಗ ತಂದೆ ಹೋದರು. ಅಂದಿನಿಂದ ನನ್ನನ್ನು ಸಾಕಿದವರು ಕಾಕಾ ಮತ್ತು ಅವರ ಹೆಂಡತಿ, ನನ್ನ ಚಿಗವ್ವ. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಗಾರ್ಡ್ ಸೀಟಿ ಊದಿ ಹಸಿರು ನಿಶಾನೆ ತೋರಿಸುವ ತನಕ ಗಾಡಿ ಜಾಗ ಬಿಡುವಂತಿಲ್ಲ. ಮನೆಯಲ್ಲೂ ಅದೇ ಕಾನೂನು. ನಾನು ಗಣಿತ ಕಲಿಯಬೇಕೆಂದು ಅವರು ಹೇಳಿದರು, ಕಲಿತೆ. ಮಾಸ್ತರ ಆಗು ಎಂದರು, ಆದೆ. ಈ ಹುಡುಗಿ ಚಲೋ ಅದಾಳ ಎಂದರು, ಮದುವೆ ಆದೆ. ಅವರು ಹೇಳಿದ್ದರಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ, ಹಾಗಾಗಿ ಒಲ್ಲೆ ಅನ್ನುವ ಶಬ್ದ ಅವರೆದುರು ನನ್ನ ಬಾಯಿಗೆ ಬರುವುದನ್ನೇ ಕಲಿಯಲಿಲ್ಲ. ಹೊರಗೆ ನಾನು ಸಿಟ್ಟಿನ ಮನುಷ್ಯ. ನನ್ನ ಶಾಲೆಯ ಹುಡುಗರನ್ನು ಕೇಳಿ ನೋಡಿ, ನನ್ನ ಸೈಕಲ್ ಸಪ್ಪಳ ಕೇಳಿದರೆ ಇಡೀ ವರ್ಗ ಗಪ್ಪಾಗುತ್ತದೆ. ಅದೇ ಗಂಡಸು ಕಾಕಾ ಕುಳಿತ ಖೋಲಿಯಲ್ಲಿ ಐವತ್ತರ ವಯಸ್ಸಿನಲ್ಲೂ ಗೋಡೆಗೆ ಆನಿಕೊಂಡು ನಿಲ್ಲುತ್ತಿದ್ದ.

ಬ್ರಿಜ್ ಆಟವನ್ನು ಕಾಕಾ ಹುಬ್ಬಳ್ಳಿಯಲ್ಲಿ, ರೈಲ್ವೆಯ ಹಳೆಯ ಡ್ರೈವರುಗಳಿಂದ ಕಲಿತಿದ್ದರು. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಆಡಲು ಜನ ಬೇಕಲ್ಲ! ಊರಿನವರಿಗೆ ಗೊತ್ತಿದ್ದದ್ದು ರಮ್ಮಿ ಮತ್ತು ಅಂದರ್-ಬಾಹರ್. ಕಾಕಾ ಮೂವರನ್ನು ಹಿಡಿದು ಪಳಗಿಸಿದರು. ಒಬ್ಬ ನಾನು. ಇನ್ನೊಬ್ಬರು ಮೆಣಸಿನಕಾಯಿ, ಕಡಲೆ ವ್ಯಾಪಾರದ ಅಡತಿ ಸಾಹುಕಾರರು, ಖೋಲಿ ಅವರದೇ. ಮೂರನೆಯವರು ದನದ ದವಾಖಾನೆಯಿಂದ ನಿವೃತ್ತರಾದ ಡಾಕ್ಟರು. ಕಾಕಾ ಮತ್ತು ನಾನು ಯಾವಾಗಲೂ ಒಂದು ಕಡೆ, ಅವರಿಬ್ಬರು ಇನ್ನೊಂದು ಕಡೆ. ಹತ್ತು ವರ್ಷ ಹಾಗೇ ಆಡಿದೆವು, ದುಡ್ಡಿಟ್ಟು ಒಂದು ದಿನವೂ ಆಡಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನಾಲ್ಕು ಜನ, ಎದುರುಬದುರು ಕುಳಿತವರು ಜೋಡಿ. ಒಬ್ಬೊಬ್ಬರಿಗೆ ಹದಿಮೂರು ಎಲೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಟ್ರಿಕ್, ಮೊದಲು ಬಿದ್ದ ಜಾತಿಯಲ್ಲಿ ದೊಡ್ಡ ಎಲೆ ಹಾಕಿದವರಿಗೆ ಅದು ಸೇರುತ್ತದೆ, ಮುಂದಿನ ಎಲೆಯನ್ನು ಅವರೇ ಇಳಿಸಬೇಕು. ಇಷ್ಟು ಟ್ರಿಕ್ ಮಾಡುತ್ತೇವೆ ಎಂದು ಒಂದು ಜೋಡಿ ಕೂಗಿ ಹೇಳುತ್ತದೆ, ಇನ್ನೊಂದು ಜೋಡಿ ಅದನ್ನು ಕೆಡವಲು ನೋಡುತ್ತದೆ. ನಿಮ್ಮಿಂದ ಆಗುವುದಿಲ್ಲ ಎಂಬ ಧೈರ್ಯವಿದ್ದರೆ 'ಡಬಲ್' ಅನ್ನಬಹುದು. ಆಗ ಗೆದ್ದರೂ ಸೋತರೂ ಪೆಟ್ಟು ಎರಡು ಪಟ್ಟು. ಕೂಗಿದವನ ಜೋಡಿಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು ಸುಮ್ಮನೆ ಕೂಡುತ್ತಾನೆ, ಅವನಿಗೆ ಡಮ್ಮಿ ಎನ್ನುತ್ತಾರೆ. ಕೈಯ ತೂಕ ನೋಡಲು ಎಕ್ಕಾಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಪಾಯಿಂಟ್, ಎಲ್ಲ ಸೇರಿ ನಲವತ್ತು.

ಕಾಕಾ ಮಾಡಿದ ಎರಡು ಕಾಯಿದೆ ಆ ಮೇಜಿಗಿದ್ದವು. ಒಂದು, ಹದಿಮೂರೂ ಟ್ರಿಕ್ ಆಡಲೇಬೇಕು. ಉಳಿದದ್ದೆಲ್ಲ ನಮ್ಮವೇ ಎಂದು ನಡುವೆ ಎಲೆ ಚೆಲ್ಲುವಂತಿಲ್ಲ. "ಗಾಡೀದು ಕಡೀ ಡಬ್ಬಿ ತನಕಾ ನಡಕೋತ ಹೋಗಿ ನೋಡಬೇಕು" ಎನ್ನುತ್ತಿದ್ದರು. ಎರಡು, ಆಟ ಮುಗಿದ ಕೂಡಲೇ ನಾಲ್ವರ ಎಲೆಗಳನ್ನೂ ಮತ್ತೆ ಹರವಿ, ಯಾರು ಎಲ್ಲಿ ತಪ್ಪಿದರು ಎಂದು ನೋಡಬೇಕು. ಅದಕ್ಕೆ ಅವರಿಟ್ಟ ಹೆಸರು ಪಂಚನಾಮೆ.

ಪಂಚನಾಮೆಯಲ್ಲಿ ಹತ್ತು ವರ್ಷ ನನ್ನದು ಒಂದೇ ಅಪರಾಧ. ಕಾಕಾ ರಾಜನನ್ನು ಇಳಿಸುತ್ತಿದ್ದರು, ನನ್ನ ಹತ್ತಿರ ಅದೇ ಜಾತಿಯ ಎಕ್ಕಾ ಇರುತ್ತಿತ್ತು. ರಾಜ ಹೇಗೂ ಗೆಲ್ಲುತ್ತದೆ ಎಂದು ನಾನು ಸಣ್ಣ ಎಲೆ ಹಾಕುತ್ತಿದ್ದೆ. ಮುಂದಿನ ಸುತ್ತಿನಲ್ಲಿ ನನ್ನ ಎಕ್ಕಾ ಒಂಟಿಯಾಗಿ ಬಂದು ಟ್ರಿಕ್ ಹಿಡಿಯುತ್ತಿತ್ತು, ಕಾಕಾನ ಕೈಗೆ ಮರಳಿ ಕೊಡಲು ಆ ಜಾತಿಯ ಎಲೆ ನನ್ನಲ್ಲಿ ಉಳಿದಿರುತ್ತಿರಲಿಲ್ಲ. ಅವರ ಒಳ್ಳೆಯ ಎಲೆಗಳೆಲ್ಲ ಅವರ ಕೈಯಲ್ಲೇ ಕೊಳೆಯುತ್ತಿದ್ದವು. ಮೊದಲೇ ರಾಜನ ಮೇಲೆ ಎಕ್ಕಾ ಹಾಕಿ ಸಣ್ಣದನ್ನು ತಿರುಗಿಸಿ ಕೊಟ್ಟರೆ ಮುಗಿಯಿತು. ಎರಡನೇ ಇಯತ್ತೆಯ ಲೆಕ್ಕ. ಗಣಿತದ ಮಾಸ್ತರನಿಗೆ ಲೆಕ್ಕ ಗೊತ್ತಿತ್ತು, ಕೈ ಏಳುತ್ತಿರಲಿಲ್ಲ. ಕಾಕಾ ಗೆದ್ದ ಎಲೆಯ ಮೇಲೆ ನನ್ನ ಎಲೆ ಹಾಕುವುದೇ? ಬೆರಳೇ ಸಣ್ಣ ಎಲೆಯ ಕಡೆ ಹೋಗುತ್ತಿತ್ತು.

"ಯಾಕಲೇ, ಎಕ್ಕಾ ಉಪ್ಪಿನಕಾಯಿ ಹಾಕಾಂವ ಇದ್ದೇನು?" ಎಂದು ಕಾಕಾ ಬೈಯುತ್ತಿದ್ದರು. "ನಿನ್ನ ಮರ್ಯಾದಿ ಮನ್ಯಾಗ ಇಟ್ಟ ಬಾ. ರಾಜಾ ಅಂದ್ರ ನಾ ಅಲ್ಲಲೇ ತಮ್ಮಾ, ಅದೊಂದು ಎಲಿ. ಮ್ಯಾಲ ಹಾಕು!"

ಹ್ಞೂಂರಿ ಎನ್ನುತ್ತಿದ್ದೆ. ಮುಂದಿನ ಸಲ ಮತ್ತೆ ಅದೇ.

ಆ ದಿನ ರವಿವಾರ, ಶಿವರಾತ್ರಿ ಕಳೆದ ಬಿಸಿಲು. ಹಿಂದಿನ ದಿನವಷ್ಟೇ ಮೆಣಸಿನಕಾಯಿಯ ಹೊಸ ಚೀಲಗಳು ಬಂದಿದ್ದವು. ಖೋಲಿಯ ಘಾಟಿಗೆ ನಾಲ್ವರಿಗೂ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಮೈಯೆಲ್ಲ ಬೆವರು. ಕಾಕಾ ಎಡ ಭುಜವನ್ನು ತಿಕ್ಕಿಕೊಳ್ಳುತ್ತಿದ್ದುದನ್ನು ಎಲೆ ಹಂಚುವಾಗಲೇ ನೋಡಿದೆ. ಬೆಳಿಗ್ಗೆ ಇನ್ವರ್ಟರ್ ಬ್ಯಾಟರಿ ಸರಿಸಿದೆ, ಎಳಕೊಂಡೈತಿ ಎಂದರು. ನಂಬಿದೆ. ಎಲ್ಲರೂ ಬೆವರುವ ಕಡೆ ಒಬ್ಬರ ಬೆವರು ಬೇರೆ ಎಂದು ಹೇಗೆ ಗೊತ್ತಾಗಬೇಕು? ಹೀಗೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇದು ನೆಪ. ಮುಂದೆ ನಡೆದದ್ದಕ್ಕೆ ಈ ನೆಪ ಸಾಲುವುದಿಲ್ಲ.

ಸಾಹುಕಾರರ ಕೈಗೆ ಆ ದಿನ ಚಿತ್ರದ ಎಲೆಗಳ ಸುರಿಮಳೆ. 'ಒಂದು ನೋ ಟ್ರಂಪ್' ಎಂದರು. ಡಾಕ್ಟರು ತಮ್ಮ ಎಲೆ ನೋಡಿ ನೆಟ್ಟಗೆ ಮೂರಕ್ಕೆ ಹಾರಿದರು. ಅಂದರೆ ಆರರ ಮೇಲೆ ಮೂರು, ತುರುಪು ಇಲ್ಲದೆ ಒಂಬತ್ತು ಟ್ರಿಕ್ ಮಾಡುತ್ತೇವೆ ಎಂಬ ಮಾತು. ನನ್ನಲ್ಲಿ ಎರಡೇ ಎಕ್ಕಾ, ಕಳಾವರದ್ದೊಂದು, ಇಸ್ಪೀಟಿನದ್ದೊಂದು. ಉಳಿದದ್ದು ಕಸ. ಪಾಸ್ ಎಂದೆ. ಸಾಹುಕಾರರೂ ಪಾಸ್. ಕಾಕಾನ ಸರದಿ ಬಂತು. ಅವರು ಕೈಯೊಳಗಿನ ಎಲೆ ಮುಚ್ಚಿ ಸಣ್ಣ ದನಿಯಲ್ಲಿ "ಡಬಲ್" ಎಂದರು.

"ಕಾಕಾರ, ಬಿಸಲಿಗೆ ತಲಿ ತಿರಗೇತೇನ್ರಿ?" ಎಂದು ಸಾಹುಕಾರರು ನಕ್ಕರು. "ಇಪ್ಪತ್ತಾರು ಪಾಯಿಂಟ್ ನಮ್ಮ ಕಡೆ ಅದಾವು. ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡೇ ಅಂದೇನಿ. ಆಡ್ರಿ ಮಾರಾಯ್ರ" ಎಂದರು ಕಾಕಾ.

ಮೊದಲ ಎಲೆ ಹಾಕುವ ಸರದಿ ಕಾಕಾನದೇ. ಕಳಾವರ ರಾಜನನ್ನು ಇಳಿಸಿದರು. ಎಲೆ ಅವರ ಬೆರಳಿನ ಬೆವರಿಗೆ ಅಂಟಿಕೊಂಡು ಬಂತು, ಇನ್ನೊಂದು ಕೈಯಿಂದ ಬಿಡಿಸಿದರು. ಡಾಕ್ಟರು ತಮ್ಮ ಎಲೆ ತೆರೆದಿಟ್ಟರು. ಕಳಾವರದಲ್ಲಿ ಅವರಿಗೆ ಒಂಬತ್ತು ಮತ್ತು ಆರು, ಎರಡೇ. ಆರನ್ನು ಹಾಕಿದರು. ನನ್ನಲ್ಲಿ ಕಳಾವರ ಎಕ್ಕಾ ಮತ್ತು ನಾಲ್ಕು.

ನಾನು ಲೆಕ್ಕ ಹಾಕಿದೆ. ಎದುರಿನವರ ಬಳಿ ಇಪ್ಪತ್ತಾರು, ನನ್ನ ಎರಡು ಎಕ್ಕಾ ಎಂಟು, ಒಟ್ಟು ನಲವತ್ತರಲ್ಲಿ ಕಾಕಾನಿಗೆ ಉಳಿದದ್ದು ಆರೇ. ರಾಜ, ರಾಣಿ, ಗುಲಾಮ, ಮೂರೂ ಕಳಾವರ. ಬೇರೆ ಯಾವ ಜಾತಿಯಿಂದಲೂ ಅವರ ಕೈಗೆ ಆಟ ಹೋಗುವ ದಾರಿ ಇಲ್ಲ. ಈಗ ನಾನು ನಾಲ್ಕನ್ನು ಹಾಕಿದರೆ ಕಾಕಾನ ಡಬಲ್ ಮಣ್ಣುಪಾಲು. ಸಾಹುಕಾರರು ಒಂಬತ್ತಲ್ಲ, ಹತ್ತು ಮಾಡಿಕೊಂಡು ವಾರಗಟ್ಟಲೆ ಊರ ತುಂಬ ಹೇಳಿಕೊಂಡು ತಿರುಗುತ್ತಾರೆ. ಬೆರಳು ನಾಲ್ಕರ ಮೇಲೆಯೇ ಇತ್ತು. ತಲೆ ಎತ್ತಿ ನೋಡಿದೆ. ಕಾಕಾ ನನ್ನನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದರು. ಅವರು ನೋಡುತ್ತಿದ್ದರೆ ಆಗುತ್ತಿತ್ತೋ ಇಲ್ಲವೋ. ರಾಜನ ಮೇಲೆ ಎಕ್ಕಾ ಹಾಕಿದೆ.

"ಆಹಾ!" ಎಂದರು ಡಾಕ್ಟರು. "ಮಾಸ್ತರು ಕಾಕಾರನ್ನ ಮೀರಿದ್ರಪಾ!"

ಕಾಕಾ ಕಣ್ಣು ತೆರೆದು ಮೇಜು ನೋಡಿದರು. ಆ ಮುಖವನ್ನು ನಾನು ಮರೆಯಲಾರೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದಾಗಲೂ ಅಷ್ಟು ಹಿಗ್ಗಿರಲಿಲ್ಲ ಅವರು. ನಾನು ನಾಲ್ಕನ್ನು ತಿರುಗಿಸಿ ಕೊಟ್ಟೆ. ಸಾಹುಕಾರರು ಐದು ಹಾಕಿದರು, ಕಾಕಾ ಹತ್ತರಿಂದ ಹಿಡಿದರು. ಸಾಹುಕಾರರ ನಗು ಇಳಿಯಿತು. ಇನ್ನು ಕಾಕಾನ ಕೈಯಲ್ಲಿ ರಾಣಿ, ಗುಲಾಮ, ಏಳು, ಮೂರು, ನಾಲ್ಕೂ ಗೆಲ್ಲುವ ಎಲೆ. ಆಮೇಲೆ ನನ್ನ ಇಸ್ಪೀಟ್ ಎಕ್ಕಾ. ಕೂಗಿದ ಒಂಬತ್ತರಲ್ಲಿ ಅವರಿಗೆ ಆರೇ. ಮೂರು ಡೌನ್, ಅದೂ ಡಬಲ್‌ನಲ್ಲಿ. ಆ ಮೇಜಿನ ಮೇಲೆ ಅಂಥ ಸರ್ವನಾಶ ಹತ್ತು ವರ್ಷದಲ್ಲಿ ಆಗಿರಲಿಲ್ಲ.

ಕಾಕಾ ರಾಣಿಯನ್ನು ಎತ್ತಿದವರು ಹಾಕಲಿಲ್ಲ. ಎಲೆಗಳನ್ನು ಬೋರಲು ಇಟ್ಟು ನೀರು ಕೇಳಿದರು. "ಎದಿ ಮ್ಯಾಲ ಯಾರೋ ಕುಂತಂಗ ಆಗೇತಿ. ಗ್ಯಾಸ್ ಇರಬೇಕು" ಎಂದರು.

ಡಮ್ಮಿಯಾದ ಡಾಕ್ಟರಿಗೆ ಆಡುವ ಕೆಲಸವಿರಲಿಲ್ಲ. ಎದ್ದು ಬಂದು ಕಾಕಾನ ಮಣಿಕಟ್ಟು ಹಿಡಿದರು. ಕಾಕಾ ಕೈ ಕಿತ್ತುಕೊಂಡರು. "ನಾ ಎತ್ತ ಅಲ್ಲೋ ಮಾರಾಯ. ಹಲ್ಲ ನೋಡತಿ ಏನು?" ಎಂದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಡಾಕ್ಟರು ಮಾತ್ರ ಅರ್ಧಕ್ಕೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಸರ್, ನಾಡಿ ನನಗ ಸರಿ ಅನಸವಲ್ತು. ಗದಗಕ್ಕ ಹೋಗಿ ಬರ್ರಿ. ಸಾಹುಕಾರ್ರ ಕಾರ ಹೊರಗ ಐತಿ. ನೀವ ಹೇಳ್ರಿ, ನಿಮ್ಮ ಮಾತ ಕೇಳತಾರ."

ನಾನು ಕುರ್ಚಿಯಿಂದ ಅರ್ಧ ಎದ್ದೆ. "ಕಾಕಾ, ಹೋಗೂಣ್ರಿ?" ಎಂದೆ. ಹೇಳಿದ್ದಲ್ಲ, ಕೇಳಿದ್ದು.

"ಕುಂಡರಲೇ! ಹತ್ತ ವರ್ಷಕ್ಕ ಒಮ್ಮೆ ಬಂದೈತಿ ಇಂಥಾ ಆಟ. ಮೂರ ಡೌನ್ ಮಾಡೇ ಏಳೂದು" ಎಂದರು.

ಡಾಕ್ಟರು ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು, "ಕಾಕಾ ಹೇಳಿಧಾಂಗ ಆಗ್ಲಿರಿ" ಎಂದು ಕುಳಿತುಬಿಟ್ಟೆ.

ಥೂ! ಐದು ನಿಮಿಷದ ಹಿಂದೆ ಅದೇ ಮೇಜಿನ ಮೇಲೆ ಅವರನ್ನು ಮೀರಿದವನು ನಾನೇ. ಎಲೆಯ ಮೇಲೆ ಬಂದ ಧೈರ್ಯ ಮೇಜಿನ ಅಂಚು ದಾಟಿ ಬರಲಿಲ್ಲ.

ರಾಣಿ ಬಿತ್ತು. ಗುಲಾಮ ಬಿತ್ತು. ಕಾಕಾ ಒಂದೊಂದು ಎಲೆ ಹಾಕಿ ಉಸಿರು ತಗೊಂಡು ಇನ್ನೊಂದು ಹಾಕುತ್ತಿದ್ದರು. ಯಾವ ಎಲೆ ಒಗೆಯಬೇಕು ಎಂದು ಸಾಹುಕಾರರು ಪ್ರತಿ ಸಲವೂ ವಿಚಾರ ಮಾಡುತ್ತಿದ್ದರು. ನಾನು ಅವರ ಮೇಲೆ ಒಳಗೊಳಗೇ ಸಿಟ್ಟಾದೆ, ನನ್ನ ಮೇಲೆ ಆಗಬೇಕಾದ ಸಿಟ್ಟು ಅದು. ಏಳು, ಮೂರು. ಆಮೇಲೆ ಕಾಕಾ ಇಸ್ಪೀಟ್ ಹಾಕಿದರು, ನನ್ನ ಎಕ್ಕಾ ಅದನ್ನು ಹಿಡಿಯಿತು. ನಮ್ಮ ಏಳು ಟ್ರಿಕ್ ಆದವು. ಉಳಿದ ಆರು ಅವರವು ಎಂದು ಎಲ್ಲರಿಗೂ ಗೊತ್ತು. ಆಗ ಎಲೆ ಚೆಲ್ಲಬಹುದಿತ್ತು. ಸಾಹುಕಾರರು ಚೆಲ್ಲಲು ಕೈ ಎತ್ತಿದರು ಕೂಡ. ಕಾಕಾ ಬೆರಳಾಡಿಸಿ ಬೇಡವೆಂದರು, ಕಡೇ ಡಬ್ಬಿಯ ತನಕ ನಡೆಯಬೇಕಲ್ಲ. ಆ ಆರು ಟ್ರಿಕ್ ಸುಮ್ಮನೆ, ಯಾರಿಗೂ ಬೇಡವಾದ ಆರು ಟ್ರಿಕ್, ನಾವು ಕುಳಿತು ಆಡಿದೆವು. ಆ ಹೊತ್ತಿಗೆ ಕಾಕಾನ ತುಟಿ ಬಿಳಚಿತ್ತು.

ಅಲ್ಲಿಗಾದರೂ ಎದ್ದೆವೇ? ಇಲ್ಲ. ಪಂಚನಾಮೆ ಉಳಿದಿತ್ತು. ಕಾಕಾ ಬಲಗೈಯಿಂದಲೇ ನಾಲ್ವರ ಎಲೆಗಳನ್ನೂ ಹರವಿದರು. ನನ್ನ ಎಕ್ಕಾವನ್ನು ಎತ್ತಿ ಎಲ್ಲರಿಗೂ ತೋರಿಸಿ, "ಇಲ್ಲಿ ನೋಡ್ರಿ. ಆಟ ಇಲ್ಲೇ ಮುಗೀತು. ಇದು ಬೀಳಲಿಲ್ಲ ಅಂದ್ರ ನನ್ನ ಕೈಯಾಗಿನ ಎಲಿ ಎಲ್ಲಾ ಕೈಯಾಗ ಸಾಯತಿದ್ದುವು. ಇವತ್ತ ಕಲತಾ ನೋಡ್ರಿ ನಮ್ಮ ಹುಡುಗ" ಎಂದರು. ನನಗೆ ಆಗ ಐವತ್ತೆರಡು ವಯಸ್ಸು. ಅವರು ಮಾತಾಡುತ್ತಿದ್ದ ಹತ್ತು ಹದಿನೈದು ನಿಮಿಷ ಅವರ ದನಿ ಸಣ್ಣಗಾಗುತ್ತ ಹೋದದ್ದು ನನಗೆ ಕೇಳಿಸುತ್ತಿತ್ತು. ನಾನು ನಿಲ್ಲಿಸಲಿಲ್ಲ. ಭಯ ಭಕ್ತಿ ಅಂತ ಇಷ್ಟು ಹೊತ್ತು ಹೇಳಿದೆ, ಆದರೆ ಆ ಹದಿನೈದು ನಿಮಿಷಕ್ಕೆ ಕಾರಣ ಅದಲ್ಲ. ನನಗೆ ಆ ಹೊಗಳಿಕೆ ಬೇಕಾಗಿತ್ತು. ಹುಟ್ಟಿದಾಗಿನಿಂದ ಕಾದಿದ್ದ ಮಾತು, ಇನ್ನೊಂದು ಹೇಳಲಿ, ಇನ್ನೊಂದು ಹೇಳಲಿ ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ.

ಎಲೆ ಕೂಡಿಸಲು ಬಗ್ಗಿದವರು ಮೇಜಿನ ಮೇಲೆ ಹಾಗೇ ಒರಗಿದರು. ನಾವು ಮೂವರೂ ಎತ್ತಿ ಕಾರಿನಲ್ಲಿ ಹಾಕಿದೆವು. ಗದಗಕ್ಕೆ ಅರ್ಧ ತಾಸಿನ ದಾರಿ. ತಲೆ ನನ್ನ ತೊಡೆಯ ಮೇಲಿತ್ತು. ಅಷ್ಟು ಹೊತ್ತೂ "ಕಾಕಾ, ಕಾಕಾ" ಎಂದೆ, ಅವರು ಒಮ್ಮೆಯೂ ಓಗೊಡಲಿಲ್ಲ. ಆಸ್ಪತ್ರೆಯವರು ಕೈಲಾದದ್ದನ್ನೆಲ್ಲ ಮಾಡಿದರು. ಕೊನೆಗೆ ಹೊರಗೆ ಬಂದ ಅಲ್ಲಿಯ ಡಾಕ್ಟರು ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳಿದರು. ಇಲ್ಲಿಗೆ ತರುವ ಮುಕ್ಕಾಲು ತಾಸು ಮೊದಲು ಎಂದು ಸುಳ್ಳು ಹೇಳಿದೆ, ಒಂದು ತಾಸಿಗೂ ಮಿಕ್ಕಿ ಆಗಿತ್ತು. "ಒಂದ ಅರ್ಧ ತಾಸ ಮದಲ ತಂದಿದ್ರ ನೋಡಬಹುದಿತ್ತು" ಎಂದರು. ಅರ್ಧ ತಾಸು. ಆರು ಟ್ರಿಕ್ ಮತ್ತು ಒಂದು ಪಂಚನಾಮೆ.

ಮಣ್ಣು ಕೊಟ್ಟು ಹನ್ನೊಂದು ದಿನದ ಕಾರ್ಯ ಮುಗಿಯಿತು, ನೆಂಟರೆಲ್ಲ ಹೋದರು. ಮರುದಿನ ಚಿಗವ್ವ ಪಡಸಾಲೆಯಲ್ಲಿ ಮೊರದಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದಳು. ನಾನು ಹೋಗಿ ಕಂಬದ ಹತ್ತಿರ ಕುಳಿತೆ. ಎಲೆಯ ಜಾತಿ ಕೂಡ ಗೊತ್ತಿಲ್ಲದ ಹೆಂಗಸು ಅವಳು, ಇಸ್ಪೀಟ್ ಎಂದರೆ ಮೂಗು ಮುರಿಯುವವಳು. ತಲೆ ಎತ್ತದೆ ಹೇಳಿದಳು.

"ಆವತ್ತಿನ ಆಟ ನನಗ ಹಾಕಿ ತೋರಸು."

"ಯಾಕ ಬೇ?"

"ತೋರಸು ಅಂದೆ."

ಗೂಡಿನಲ್ಲಿ ಕಾಕಾನ ಹಳೆಯ ಕಟ್ಟು ಇತ್ತು. ನೆಲದ ಮೇಲೆ ನಾಲ್ವರ ಕೈ ಹರವಿದೆ. ಅವರವರ ಎಲೆ ಅವರವರ ಮುಂದೆ, ಬರೋಬ್ಬರಿ. ಒಂದೊಂದು ಟ್ರಿಕ್ಕಾಗಿ ಎತ್ತಿ ಇಟ್ಟೆ. ಪ್ರತಿ ಟ್ರಿಕ್ಕಿಗೂ ಅವಳದು ಒಂದೇ ಪ್ರಶ್ನೆ. "ಆಗ ಅವರು ಹೆಂಗಿದ್ರು?"

ಹೇಳಿದೆ. ಮೊದಲ ಟ್ರಿಕ್ಕಿಗೆ ಬೆವರಿದ್ದರು. ಎರಡನೆಯದಕ್ಕೆ ಹಿಗ್ಗಿದ್ದರು. ಮೂರನೆಯದಕ್ಕೆ ನೀರು ಕೇಳಿದರು, ಎದೆಯ ಮೇಲೆ ಯಾರೋ ಕುಳಿತಂತಾಗಿದೆ ಎಂದರು. ಚಿಗವ್ವ ಮೊರದಿಂದ ಒಂದು ಕಡಲೆಕಾಳು ತೆಗೆದು ಆ ಮೂರನೆಯ ಟ್ರಿಕ್ಕಿನ ಮೇಲೆ ಇಟ್ಟಳು. ಆಮೇಲೆ ಪ್ರತಿಯೊಂದರ ಮೇಲೂ ಒಂದೊಂದು ಕಾಳು. ಹದಿಮೂರು ಮುಗಿದ ಮೇಲೆ ಪಂಚನಾಮೆಯ ಬಗ್ಗೆ ಹೇಳಿದೆ. ಹೊಗಳಿಕೆಯ ಮಾತು ಬಿಟ್ಟು ಹೇಳಬೇಕೆಂದಿದ್ದೆ, ಬಾಯಿ ತಪ್ಪಿ ಅದೂ ಬಂತು. ಅವಳು ಒಂದು ಹಿಡಿ ಕಾಳು ತೆಗೆದು ಬಾಜುವಿಗೆ ಇಟ್ಟಳು. ಒಂದೊಂದಾಗಿ ಎಣಿಸಿದಳು.

"ಇಷ್ಟೂ ಹೊತ್ತ ಅವರು ಎದಿ ಹಿಡಕೊಂಡು ಕುಂತಿದ್ರು?"

"ಹೌದ ಬೇ."

"ನೀ?"

"ನಾನೂ ಕುಂತಿದ್ದೆ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವಳು ಕಾಳನ್ನೆಲ್ಲ ಬಳಿದು ಮತ್ತೆ ಮೊರಕ್ಕೆ ಹಾಕಿಕೊಂಡು "ಎತ್ತ ಎಲಿ" ಎಂದಳು, ಅಷ್ಟೇ. ಆಮೇಲೆ ಮೊದಲಿನ ಹಾಗೇ ಉಣ್ಣಾಕ ಕರೆಯುತ್ತಿದ್ದಳು, ನನ್ನ ಮಕ್ಕಳ ಸುದ್ದಿ ಕೇಳುತ್ತಿದ್ದಳು. ಕಾಕಾನ ಮಾತು ಮಾತ್ರ ನನ್ನ ಮುಂದೆ ತೆಗೆಯಲಿಲ್ಲ.

ಸಾಹುಕಾರರು ಆರು ತಿಂಗಳ ಮೇಲೆ ಹೇಳಿ ಕಳುಹಿಸಿದರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಸಿಕ್ಕಿದ್ದಾರೆ, ಬರ್ರಿ ಎಂದು. ಹೋದೆ. ಜೋಡಿಗಾರರು ಡೈಮನ್ ರಾಜನನ್ನು ಇಳಿಸಿದರು, ನಾನು ನೋಡದೆ ಎಕ್ಕಾ ಹಾಕಿದೆ. ಅಲ್ಲಿ ಅದು ಬೇಕಿರಲಿಲ್ಲ, ಒಂದು ಟ್ರಿಕ್ ದಂಡ. "ಯಾಕ್ರೀ, ನನ್ನ ರಾಜಾ ಗೆದ್ದಿತ್ತಲ್ರಿ?" ಎಂದು ಅವರು ರೇಗಿದರು. ಮುಂದಿನ ಆಟದಲ್ಲಿ ಮತ್ತೆ ಅದನ್ನೇ ಮಾಡಿದೆ. ಡಾಕ್ಟರು ಎಲೆ ಕೆಳಗಿಟ್ಟು, ಚಹಾ ಕುಡಿಯೂಣು ಎಂದರು. ಮತ್ತೆ ಆ ಖೋಲಿಗೆ ಹೋಗಿಲ್ಲ.

ಎರಡು ವರ್ಷವಾಯಿತು. ಹೋದ ತಿಂಗಳು ಒಂದು ಮುಂಜಾನೆ ಚಿಗವ್ವನ ಮನೆಗೆ ಹಾಲು ಕೊಡಲು ಹೋದಾಗ ಅವಳು ಹೊಸ್ತಿಲಲ್ಲಿ ಕುಳಿತು ಎದೆಯ ನಡುವೆ ಅಂಗೈ ಒತ್ತಿಕೊಂಡಿದ್ದಳು. ಏನಾಯಿತು ಎಂದೆ. "ಏನಿಲ್ಲ, ನಿನ್ನೆ ರಾತ್ರಿ ಕಡ್ಲಿಹಿಟ್ಟಿನ ಜುಣಕ ತಿಂದಿದ್ದೆ. ಗ್ಯಾಸ್" ಎಂದಳು.

ನಾನು ಏನೂ ಕೇಳಲಿಲ್ಲ. ಹಾಲಿನ ಗಿಂಡಿ ಅಲ್ಲೇ ಇಟ್ಟು ಸಾಹುಕಾರರಿಗೆ ಫೋನ್ ಮಾಡಿದೆ, ಕಾರು ಕಳುಹಿಸಿದರು. ತಂದ ಆಳಿನಿಂದ ಕೀಲಿ ತಗೊಂಡೆ. ಅವಳನ್ನು ಎರಡು ರಟ್ಟೆ ಹಿಡಿದು ಎತ್ತಿದೆ.

"ಬಿಡಲೇ ಭಾಡ್ಯಾ! ತಲಿ ಬಾಚಿಲ್ಲ, ಸೀರಿ ಉಟ್ಟಿಲ್ಲ ಸರಿಯಾಗಿ. ಗ್ಯಾಸ್ ಅಂತ ಹೇಳಾಕತ್ತೇನಿ, ಕಿವಿ ಕೇಳಸೂದಿಲ್ಲೇನು ಖೋಡಿ?"

"ಸುಮ್ಮ ಹತ್ತ ಬೇ."

"ನಾ ಒಲ್ಲೆ! ನೀ ಯಾರು ನನಗ ಹೇಳಾಂವ?"

"ಹತ್ತ ಅಂದೆ!" ಎಂದು ಕೂಗಿದೆ. ಜೀವಮಾನದಲ್ಲಿ ಅವಳ ಮೇಲೆ ದನಿ ಎತ್ತಿರಲಿಲ್ಲ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ತುಂಬಿಕೊಂಡು ಹೋದೆ. ಗದಗದ ತನಕ ಬೈದಳು. ಕಾರು ಓಡಿಸುತ್ತ, ಬೈಗುಳ ಕೇಳುತ್ತಿರುವ ತನಕ ಉಸಿರಿದೆ ಎಂದು ಧೈರ್ಯ ತಂದುಕೊಂಡೆ. ಅವಳು ನಡುವೆ ಉಗುಳು ನುಂಗಲು ನಿಲ್ಲಿಸಿದರೂ ತಿರುಗಿ ನೋಡುತ್ತಿದ್ದೆ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ತೆಗೆದು ನೋಡಿದರು. ಏನೂ ಇರಲಿಲ್ಲ. ಗ್ಯಾಸೇ. ಒಂದು ಗುಳಿಗೆ ಬರೆದುಕೊಟ್ಟು ಮನೆಗೆ ಹೋಗ್ರಿ ಎಂದರು.

ಮರಳಿ ಬರುವಾಗ ಬೈಗುಳ ಇನ್ನೂ ಜೋರಾಗುತ್ತದೆ ಎಂದುಕೊಂಡೆ. ಅವಳು ಕಡಲೆ ಕಿತ್ತ ಹೊಲಗಳನ್ನು ನೋಡುತ್ತ ಕುಳಿತಿದ್ದಳು. ಊರು ಕಾಣಿಸತೊಡಗಿದ ಮೇಲೆ ಕೇಳಿದಳು.

"ಅವರು ಎದಿ ಬ್ಯಾನಿ ನಿನ್ನ ಮುಂದ ಯಾಕ ಹೇಳಿದ್ರು ಗೊತ್ತೇನು?"

"ಇಲ್ಲ ಬೇ."

"ಮುಂಜಾನೆನ ಶುರು ಆಗಿತ್ತದು. ಭುಜಾ ತಿಕ್ಕೋತ ಅಡ್ಡಾಡತಿದ್ರು. ನಾ ಕೇಳಿದ್ರ ಬ್ಯಾಟರಿ ಎತ್ತೇನಿ ಅಂದ್ರು. ನನ್ನ ಮುಂದ ಎದಿ ಅಂದಿದ್ರ ನಾ ಬಿಡತಿದ್ದಿಲ್ಲ, ಎಳಕೊಂಡ ಹೋಗತಿದ್ದೆ. ನೀ ಎಳಕೊಂಡ ಹೋಗಾಂವ ಅಲ್ಲ ಅಂತ ಗೊತ್ತಿತ್ತವರಿಗೆ. ಅದಕ್ಕ ನಿನ್ನ ಮುಂದ ಹೇಳ್ಯಾರ."

ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಓಡಿಸಲು ಆಗಲಿಲ್ಲ. ಅವಳು ಬರಿಗಾಲನ್ನು ಸೀಟಿನ ಮೇಲೆ ಮಡಚಿ ಇಟ್ಟುಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತ ಎಳಕೊಂಡ ಬಂದೆಲ್ಲ," ಎಂದಳು, "ಆವತ್ತೂ ಹಿಂಗ ಎಳೀಬೇಕ ಇತ್ತು. ಎಳದಿದ್ರ ಅವರೂ ನಿನಗ ಹಿಂಗ ಬೈಕೋತ ತಿರಗಿ ಬರತಿದ್ರು, ಊರ ಬರೂತನಕಾ."